ವಿದ್ಯೆಯ ಜೋಳಿಗೆ

ಬೇಡುವುದು ಹೀನವೃತ್ತಿಯೆಂದು ನಮ್ಮಲ್ಲಿ ಹೇಳುವುದುಂಟು. ಆದರೆ ವಿದ್ಯೆಗಾಗಿ ಬೇಡುವುದನ್ನು ಮಾತ್ರ ನಮ್ಮ ಹಿರಿಯರು ಹಳಿಯಲಿಲ್ಲ. ಉಪನಯನದಂದು ವಟುವಿನ ಕೈಗೆ ಭಿಕ್ಷಾಪಾತ್ರೆಯನ್ನೇ ಕೊಡುವರಲ್ಲವೆ? ಹುಡುಗನೊಬ್ಬನಿಗೆ ಒಪ್ಪುವ ಈ ಮಾತು ವಿಶ್ವವಿದ್ಯಾನಿಲಯಕ್ಕೂ ಒಪ್ಪುತ್ತದೆ. ಬಡವರ ಮಕ್ಕಳಿಗೂ ಅದರ ಬಾಗಿಲು ತೆರೆದಿರಬೇಕಾದರೆ ಶುಲ್ಕದ ಹಣವೊಂದೇ ಸಾಲದು. ಉಳಿದುದನ್ನು ಸರಕಾರ ಕೊಡಬೇಕು, ಇಲ್ಲವೆ ಜನರು ಕೊಡಬೇಕು. ಜನರಲ್ಲಿ ಕೇಳುವುದಕ್ಕೂ ಒಂದು ಧರ್ಮವುಂಟು.

ನನ್ನ ಬಾಲ್ಯದಲ್ಲಿ ಪ್ರತಿ ಗುರುವಾರ ನಮ್ಮ ಮನೆಗೆ ಹುಡುಗನೊಬ್ಬನು ವಾರಾನ್ನಕ್ಕೆ ಬರುತ್ತಿದ್ದನು. ನಮ್ಮ ತಾಯಿಯವರು ಬಡಿಸುತ್ತ, “ಪಾಠ ಎಲ್ಲಿಯವರೆಗೆ ಬಂತಪ್ಪ?” ಎಂದು ಕೇಳದೆ ಬಿಡುತ್ತಿರಲಿಲ್ಲ. ತಾವು ಇಕ್ಕಿದ ಅನ್ನವು ವಿದ್ಯೆಯಾಗುವುದನ್ನು ಅವರು ಕಣ್ಣಾರೆ ಕಂಡರು. ಕೆಲವು ವರ್ಷಗಳ ಹಿಂದೆ ನಾನು ಒಂದು ವಿದ್ಯಾಲಯದ ನಿಧಿಗೆ ಯಥಾಶಕ್ತಿ ಹಣವನ್ನು ಕೊಟ್ಟೆನು. ರಸೀದಿ ಬಂದಿತು, ಮರುವರ್ಷ ಇನ್ನೊಂದು ಬೇಡಿಕೆಯ ಕಾಗದವೂ ಬಂದಿತು, ನಡುವೆ ಒಂದು ಸಾಲಿನ ಸಮಾಚಾರವೂ ಇಲ್ಲ. “ಹೋದ ಸಲ ಕೊಟ್ಟದ್ದರಲ್ಲಿ ಯಾರು ಓದಿದರಂತೆ?” ಎಂದು ನನ್ನ ಪತ್ನಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಂಥ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಪುಣೆಯ ಧೋಂಡೋ ಕೇಶವ ಕರ್ವೆಯವರು. ಅವರು ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರು ಇಪ್ಪತ್ತು ವರ್ಷ ಅಲ್ಪ ವೇತನಕ್ಕೆ ದುಡಿಯುವ ವ್ರತವನ್ನು ತೊಟ್ಟವರು; ಕರ್ವೆಯವರೂ ಅವರಲ್ಲೊಬ್ಬರು. ೧೮೯೬ರಲ್ಲಿ ಅವರು ವಿಧವೆಯರಿಗಾಗಿ ಆಶ್ರಮವನ್ನು ತೆರೆದರು. ಮುಂದೆ ಜಪಾನಿನ ಮಹಿಳಾ ವಿಶ್ವವಿದ್ಯಾನಿಲಯದ ವೃತ್ತಾಂತವನ್ನೋದಿ, ೧೯೧೬ರಲ್ಲಿ, ಐವತ್ತೆಂಟು ವರ್ಷ ತುಂಬಿದ ಮೇಲೆ, ನಮ್ಮ ಹೆಣ್ಣುಮಕ್ಕಳಿಗಾಗಿ ಅಂಥದೊಂದನ್ನು ಸ್ಥಾಪಿಸಿದರು. ೧೯೨೦ರಲ್ಲಿ ಮುಂಬಯಿಯ ಸರ್ ವಿಠಲದಾಸ ಠಾಕರ್ಸಿಯವರು ಅದಕ್ಕೆ ಹದಿನೈದು ಲಕ್ಷ ರೂಪಾಯಿಗಳನ್ನು ನೀಡಿದರು. ಇಂದಿಗೂ ಆ ವಿಶ್ವವಿದ್ಯಾನಿಲಯವು ಅವರ ತಾಯಿ ನಾಥಿಬಾಯಿಯವರ ಹೆಸರನ್ನು ಹೊತ್ತಿದೆ. ದಾನ ಬರುವುದಕ್ಕೆ ಮುನ್ನ ಕಾಲು ಶತಮಾನದ ಸೇವೆ ಲೋಕದ ಕಣ್ಣೆದುರಿಗಿದ್ದಿತೆಂಬುದನ್ನು ವಾಚಕರು ಮರೆಯಬಾರದು. ಕರ್ವೆಯವರು ಅಲ್ಲಿಗೂ ಸುಮ್ಮನೆ ಕೂರಲಿಲ್ಲ. ೧೯೨೯ರಲ್ಲಿ, ಎಪ್ಪತ್ತರ ಮುಪ್ಪಿನಲ್ಲಿ, ಸಮುದ್ರವನ್ನು ದಾಟಿ ಯೂರೋಪು, ಅಮೆರಿಕ, ಅನಂತರ ಆಫ್ರಿಕಗಳಲ್ಲಿ ಸಂಚರಿಸಿ ಸಂಸ್ಥೆಗಾಗಿ ಕೈಯೊಡ್ಡಿದರು.

ಅದೇ ಕಾಲದಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕಾಗಿ ಪಂಡಿತ ಮದನಮೋಹನ ಮಾಲವೀಯರು ವಕೀಲಿಯನ್ನು ಬದಿಗಿಟ್ಟು ಜೋಳಿಗೆಯನ್ನು ಹಿಡಿದಿದ್ದರು. ಐವತ್ತು ಲಕ್ಷ ರೂಪಾಯಿ ಕೂಡಬೇಕೆಂಬುದು ಸರಕಾರದ ನಿಬಂಧನೆ. ದರ್ಭಂಗದ ಮಹಾರಾಜರೇ ಅವರೊಡನೆ ಊರೂರು ಸುತ್ತಿದರು. ಅರಸರನ್ನು ಕೇಳಲು ಅರಸನೇ ಬಂದರೆ ಇಲ್ಲವೆನ್ನುವುದು ಸುಲಭವೆ? ೧೯೧೫ರಲ್ಲಿ ಶಾಸನವಾಗಿ, ೧೯೧೬ರಲ್ಲಿ ಅಡಿಗಲ್ಲು ಬಿದ್ದಿತು. ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಮೊದಲ ಕುಲಾಧಿಪತಿಗಳಾದರು.

ಇಷ್ಟು ದೊಡ್ಡ ಮೊತ್ತವೇಕೆಂದು ಕೆಲವರು ಕೇಳಬಹುದು. ಶಾಶ್ವತ ನಿಧಿಯೆಂಬುದು ತೆಂಗಿನ ತೋಟವಿದ್ದಂತೆ. ಕಾಯನ್ನು ಕೀಳಬಹುದು, ಮರವನ್ನು ಕಡಿಯಬಾರದು. ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದಲೇ ವಿದ್ಯಾರ್ಥಿವೇತನವೂ ಅಧ್ಯಾಪಕರ ಸಂಬಳವೂ ನಡೆದರೆ, ಕೊಟ್ಟವನು ತೀರಿಕೊಂಡ ಮೇಲೆಯೂ ಅವನ ದಾನವು ಪಾಠ ಹೇಳುತ್ತಿರುತ್ತದೆ. ಕಟ್ಟಡಕ್ಕೆ ಕೊಡುವವರು ಬಹಳ ಮಂದಿ; ಅದರ ಗೋಡೆಯ ಮೇಲೆ ಹೆಸರು ಕಾಣುತ್ತದೆ. ದೀಪದ ಎಣ್ಣೆಗೆ ಕೊಡುವವರೇ ವಿರಳ.

ಬೇಡುವವನು ಮೊದಲು ತಾನು ಕೊಟ್ಟಿರಬೇಕು, ಪಡೆದುದಕ್ಕೆ ಕೇಳುವ ಮೊದಲೇ ಲೆಕ್ಕವನ್ನೊಪ್ಪಿಸಬೇಕು. ನಮ್ಮಂಥ ಗೃಹಸ್ಥರಿಗೂ ಒಂದು ಕರ್ತವ್ಯವುಂಟು. ಹತ್ತು ರೂಪಾಯಿ ಕೊಟ್ಟವನಿಗೂ ವಿಚಾರಿಸುವ ಹಕ್ಕಿದೆ. ಬೇಸರದಿಂದ ಕೈಯನ್ನು ಹಿಂದೆಗೆದುಕೊಂಡರೆ ನಷ್ಟವಾಗುವುದು ಓದುವ ಮಗುವಿಗೆ. ಆದುದರಿಂದ ಈ ಸಲ ಬಂದ ಕಾಗದಕ್ಕೆ ನಾನು ಉತ್ತರ ಬರೆದು, ಹಿಂದಿನ ಹಣದ ವಿನಿಯೋಗವನ್ನು ವಿಚಾರಿಸಿದ್ದೇನೆ. ಮರುಮಾತು ಇನ್ನೂ ಬಂದಿಲ್ಲ. ಬಂದ ದಿನವೇ ಕಳುಹಿಸುವುದಕ್ಕೆಂದು ನನ್ನ ಪತ್ನಿ ಆ ಹಣವನ್ನು ಬೇರೆಯಾಗಿ ತೆಗೆದಿರಿಸಿದ್ದಾಳೆ.