ಹೆಸರು ಬರೆದವರದು, ಹಣ ಹತ್ತು ಜನರದು

ತಿಂಗಳ ಕೊನೆಯ ವಾರ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೆ? ಹಾಲಿನವನ ಲೆಕ್ಕ, ಮಕ್ಕಳ ಫೀಸು, ಮನೆ ಬಾಡಿಗೆ. ಇಬ್ಬರೂ ಸೇರಿ ತೂಗಿಸುವುದೇ ಕಷ್ಟ. ಹೀಗಿರುವಾಗ ದುಡಿಯುವ ಯಜಮಾನರನ್ನು ಪೊಲೀಸರು ಎಳೆದೊಯ್ದರೆ? ಅದೂ ಕದ್ದದ್ದಕ್ಕಲ್ಲ, ನಾವೂ ಮನುಷ್ಯರು ಅಂದದ್ದಕ್ಕೆ?

ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಯ ಕಾಲದಲ್ಲಿ ಸಾವಿರಾರು ಹೆಣ್ಣುಮಕ್ಕಳ ಪಾಡು ಇದೇ ಆಗಿತ್ತು. ನೆಲ್ಸನ್ ಮಂಡೇಲಾ ಅವರಿಗೆ 1964ರಲ್ಲಿ ಜೀವಾವಧಿ ಶಿಕ್ಷೆಯಾದದ್ದು ನಮಗೆಲ್ಲ ಗೊತ್ತು. ರಾಬೆನ್ ದ್ವೀಪದ ಸೆರೆಯಲ್ಲಿ ಅವರಿಗೆ ಮೊದಮೊದಲು ಆರು ತಿಂಗಳಿಗೆ ಒಂದೇ ಪತ್ರ, ಒಂದೇ ಭೇಟಿ. ಆದರೆ ಅಂಥ ಕೈದಿಗಳ ಮನೆಯ ಒಲೆ ಹೇಗೆ ಉರಿಯಿತು ಅಂತ ಕೇಳಿದವರು ಕಡಿಮೆ.

1956ರಲ್ಲಿ ಅಲ್ಲಿನ ಸರಕಾರ 156 ಜನರನ್ನು ದೇಶದ್ರೋಹದ ಆರೋಪದ ಮೇಲೆ ಹಿಡಿಯಿತು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಪಾದ್ರಿ ಜಾನ್ ಕಾಲಿನ್ಸ್ ಅವರು ವಕೀಲರ ಖರ್ಚಿಗೆ, ಸಂಸಾರಗಳ ಹೊಟ್ಟೆಗೆ ಹಣ ಕೂಡಿಸಿದರು. ಅದೇ ಬೆಳೆದು 'ಡಿಫೆನ್ಸ್ ಅಂಡ್ ಏಡ್ ಫಂಡ್' ಆಯಿತು. 1966ರಲ್ಲಿ ದಕ್ಷಿಣ ಆಫ್ರಿಕ ಅದನ್ನು ನಿಷೇಧಿಸಿತು. ಅದರ ಹಣ ಪಡೆದರೂ ಅಪರಾಧ!

ಆಗ ಏನು ಮಾಡಿದರು ಗೊತ್ತೇ? ನಮ್ಮ ನಿಮ್ಮಂಥವರ ಕೈಗೆ ಪೆನ್ನು ಕೊಟ್ಟರು! ಇಂಗ್ಲೆಂಡ್ ಮೊದಲಾದ ದೇಶಗಳ ನೂರಾರು ಸಾಮಾನ್ಯ ಜನ ಆ ಕುಟುಂಬಗಳಿಗೆ ಸ್ನೇಹಿತರ ಹಾಗೆ ಪತ್ರ ಬರೆದರು, ಜೊತೆಗೆ ತಮ್ಮದೇ ಎಂಬಂತೆ ಹಣ ಇಟ್ಟರು. ಹಣ ಫಂಡಿನದು, ಹೆಸರು ಮಾತ್ರ ಬರೆದವರದು. ಪತ್ರದಲ್ಲಿ ರಾಜಕೀಯದ ಸೊಲ್ಲೇ ಇಲ್ಲ. ಚಳಿ ಹೇಗಿದೆ, ಮಗು ಶಾಲೆಗೆ ಹೋಗುತ್ತಿದೆಯೇ, ಇಷ್ಟೇ. ಬಾಡಿಗೆ ಕಟ್ಟಿದೆ, ಮಗಳಿಗೆ ಯೂನಿಫಾರಂ ಹೊಲಿಸಿದೆ ಅಂತ ಆ ಕಡೆಯಿಂದ ಉತ್ತರ. ಮುಖ ನೋಡದ ಈ ಗೆಳೆತನ ವರ್ಷಗಟ್ಟಲೆ ನಡೆಯಿತು. 1991ರಲ್ಲಿ ಫಂಡು ಮುಚ್ಚುವ ಹೊತ್ತಿಗೆ ವಕೀಲರಿಗೂ ಕುಟುಂಬಗಳಿಗೂ ಸೇರಿ ಸುಮಾರು 10 ಕೋಟಿ ಪೌಂಡ್ ತಲುಪಿತ್ತು. ಆಳುವವರಿಗೆ ಈ ಅಂಚೆಯ ಗುಟ್ಟು ಕೊನೆತನಕ ಸಿಗಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಬೀದಿಯ ಮೇಷ್ಟ್ರ ಮನೆ ನೆನಪಾಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಜೈಲಿಗೆ ಹಾಕಿದ ಮೇಲೆ ಆ ಬಾಗಿಲು ತಟ್ಟಲು ಎಲ್ಲರಿಗೂ ಭಯ. ನಮ್ಮಮ್ಮ ಮಾತ್ರ ಕತ್ತಲಾದ ಮೇಲೆ ನನ್ನ ಕೈಲಿ ರಾಗಿಹಿಟ್ಟಿನ ಡಬ್ಬಿ ಕೊಟ್ಟು ಹಿತ್ತಲಿನಿಂದ ಕಳಿಸುತ್ತಿದ್ದರು. ಒಂದು ದಿನ ಮೇಷ್ಟ್ರ ಹೆಂಡತಿ, "ಹಿಟ್ಟಿಗಿಂತ ನೀನು ಬಂದೆಯಲ್ಲ, ಅದು ದೊಡ್ಡದು ಕಣೇ" ಅಂದರು. ಆಗ ಅರ್ಥವಾಗಿರಲಿಲ್ಲ.

ಸೆರೆಯಲ್ಲಿರುವವರನ್ನು ಮಣಿಸಬೇಕಾದರೆ ಅವರ ಮನೆಯವರನ್ನು ಒಂಟಿ ಮಾಡಿದರೆ ಸಾಕು. ಮಕ್ಕಳು ಉಪವಾಸ ಅಂತ ತಿಳಿದರೆ ಎಂಥ ಗಟ್ಟಿ ಎದೆಯೂ ಕರಗುತ್ತದೆ. ಆ ಒಂಟಿತನ ಮುರಿಯುವುದೂ ಹೋರಾಟವೇ ಅಲ್ಲವೇ? ಅದಕ್ಕೆ ಭಾಷಣ ಬರಬೇಕಾಗಿಲ್ಲ.

ಜನ ಮುಖ ತಿರುಗಿಸುವ ಮನೆಯೊಂದು ನಿಮ್ಮ ಬೀದಿಯಲ್ಲೂ ಇದ್ದೀತು. ಹೋಗಿ ಬನ್ನಿ. ಏನು ಮಾತಾಡುವುದು ಅಂತ ತೋಚದಿದ್ದರೆ, ಮಗು ಶಾಲೆಗೆ ಹೋಗ್ತಿದೆಯಾ ಅಂತ ಕೇಳಿ. ಸಾಕು.