ಹೆಸರೆತ್ತಿದವರ ಲೆಕ್ಕ

ವಿದ್ವಾಂಸರ ತಾರತಮ್ಯವನ್ನು ನಿರ್ಣಯಿಸುವ ಕಾರ್ಯವು ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ವಾಕ್ಯಾರ್ಥಸಭೆಯಲ್ಲಿ ನಡೆಯುತ್ತಿದ್ದಿತು. ವಾದಿಯೂ ಪ್ರತಿವಾದಿಯೂ ಎದುರುಬದುರಾಗಿ ಕುಳಿತು ಪೂರ್ವಪಕ್ಷ ಸಿದ್ಧಾಂತಗಳನ್ನು ಮಂಡಿಸುವರು. ಹಿರಿಯರೊಬ್ಬರು ಮಧ್ಯಸ್ಥರಾಗಿ ಕೇಳುವರು. ಸಂಜೆಯಾಗುವಷ್ಟರಲ್ಲಿ ಯಾರ ವಿದ್ಯೆಯು ಎಷ್ಟು ಆಳವೆಂಬುದು ಕುಳಿತವರಿಗೆಲ್ಲ ತಿಳಿದುಹೋಗುತ್ತಿದ್ದಿತು. ಆ ಕ್ರಮವು ನಿರ್ದುಷ್ಟವಾಗಿದ್ದಿತೆಂದು ನಾನು ಹೇಳಲಾರೆ. ಗಂಟಲು ದೊಡ್ಡದಾದವನು ಗೆದ್ದ ಸಭೆಗಳನ್ನೂ ಕಂಡಿದ್ದೇನೆ. ಆದರೂ ಅಲ್ಲಿ ಕೇಳುವವನೊಬ್ಬನು ಇದ್ದನು. ಈಗ ವಿಶ್ವವಿದ್ಯಾಲಯಗಳಲ್ಲಿ, ಅದರಲ್ಲಿಯೂ ಗಣಕವಿಜ್ಞಾನವೆಂಬ ಹೊಸ ಶಾಸ್ತ್ರದಲ್ಲಿ, ಆ ಕೇಳುವವನ ಪೀಠದ ಮೇಲೆ ಒಂದು ಅಂಕಿಯು ಬಂದು ಕುಳಿತಿದೆ.

ಹಳ್ಳಿಯ ನಿವೃತ್ತ ಉಪಾಧ್ಯಾಯನಿಗೆ ಈ ವಿಚಾರವು ಏತಕ್ಕೆಂದು ವಾಚಕರು ಕೇಳಬಹುದು. ಜವಳಗೇರಾದಲ್ಲಿ ನನ್ನ ಬಳಿ ಸಂಧಿಪ್ರಕರಣವನ್ನು ಕಲಿತ ಹುಡುಗನೊಬ್ಬನು ಈಗ ಒಂದು ಕಾಲೇಜಿನಲ್ಲಿ ಗಣಕವಿಜ್ಞಾನದ ಅಧ್ಯಾಪಕನಾಗಿದ್ದಾನೆ. ಕನ್ನಡದ ಕೂಡುಪದಗಳನ್ನು ಯಂತ್ರವು ತಾನಾಗಿಯೇ ಬಿಡಿಸುವಂತೆ ಮಾಡುವುದು ಅವನ ಸಂಶೋಧನೆ. ಕೇಳುವುದಕ್ಕೆ ಸುಲಭವಾಗಿದೆ, ಆದರೆ ‘ಹೊಸಗನ್ನಡ’ವೆಂಬ ಮಾತನ್ನು ಕಂಡ ಯಂತ್ರವು ‘ಗನ್ನಡ’ವನ್ನು ನಿಘಂಟಿನಲ್ಲಿ ಹುಡುಕುತ್ತ ನಿಂತುಬಿಡುವುದು, ‘ಬೆಟ್ಟದಾವರೆ’ಯನ್ನು ‘ಬೆಟ್ಟದ’, ‘ಆವರೆ’ ಎಂದು ಸೀಳಿಹಾಕುವುದು. ಆದೇಶಸಂಧಿಯ ಪಾಠವು ಯಂತ್ರಕ್ಕೂ ಆಗಬೇಕು. ಅವನು ಕಳುಹಿಸಿದ ಪದಪಟ್ಟಿಗಳನ್ನು ನಾನು ಕೆಲವು ಬೇಸಗೆಗಳಲ್ಲಿ ಕುಳಿತು ನೋಡಿಕೊಟ್ಟಿದ್ದೇನೆ. ಅವನ ಲೇಖನಗಳ ಕಡೆಯಲ್ಲಿ ನನಗೆ ಕೃತಜ್ಞತೆಯನ್ನು ಸಲ್ಲಿಸಿದ ಒಂದು ಪಂಕ್ತಿಯುಂಟು. ಕೃತಜ್ಞತೆಯನ್ನು ಯಾವ ಲೆಕ್ಕದಲ್ಲಿಯೂ ಹಿಡಿಯುವುದಿಲ್ಲವಾದುದರಿಂದ ನನ್ನ ಅಂಕಿಯು ಸೊನ್ನೆ. ಅದರಿಂದ ನನಗೆ ನಷ್ಟವೇನೂ ಇಲ್ಲ. ಅವನಿಗೆ ಇದೆ. ಕಳೆದ ವರ್ಷ ಮೇಲಿನ ಹುದ್ದೆಯ ಸಂದರ್ಶನಕ್ಕೆ ಹೋಗಿ ಬಂದವನು, “ಸಂಖ್ಯಾ ಕಮ್ಮಿ ಬಿತ್ರಿ, ಗುರುಗಳ” ಎಂದಷ್ಟೇ ಹೇಳಿ ಸುಮ್ಮನಾದನು. ಕೆಲಸದ ವಿಷಯವಾಗಿ ಏನು ಕೇಳಿದರೆಂದು ವಿಚಾರಿಸಿದೆ. ಏನೂ ಕೇಳಲಿಲ್ಲವಂತೆ.

ಆ ಸಂಖ್ಯೆಯ ಲಕ್ಷಣವನ್ನು ಅವನಿಂದಲೇ ಕೇಳಿ ತಿಳಿದುಕೊಂಡೆನು. ಒಬ್ಬನ ಲೇಖನವನ್ನು ಮತ್ತೊಬ್ಬನು ತನ್ನ ಲೇಖನದಲ್ಲಿ ಹೆಸರಿಸಿದರೆ ಅದೊಂದು ಉಲ್ಲೇಖ. 2005ರಲ್ಲಿ ಅಮೆರಿಕದ ಹಿರ್ಷ್ ಎಂಬ ಭೌತವಿಜ್ಞಾನಿಯು ಈ ಉಲ್ಲೇಖಗಳಿಂದ ಒಂದು ಅಳತೆಯನ್ನು ಕಟ್ಟಿದನು. ಅದಕ್ಕೆ ಎಚ್ ಸೂಚ್ಯಂಕವೆಂದು ಹೆಸರು. ಒಬ್ಬನ ಹತ್ತು ಲೇಖನಗಳು ತಲಾ ಹತ್ತಕ್ಕೆ ಕಡಮೆಯಿಲ್ಲದಂತೆ ಉಲ್ಲೇಖಗಳನ್ನು ಪಡೆದಿದ್ದು, ಹನ್ನೊಂದರ ಮಟ್ಟವನ್ನು ಮುಟ್ಟದಿದ್ದರೆ ಅವನ ಸೂಚ್ಯಂಕವು 10. ಯಾರೂ ಓದದ ನೂರು ಲೇಖನಗಳನ್ನು ಗುಡ್ಡೆಹಾಕಿದವನಿಗೆ ಇದು ಮಣಿಯುವುದಿಲ್ಲ. ಅಷ್ಟರ ಮಟ್ಟಿಗೆ ಇದು ಜಾಣತನದ ಅಳತೆಯೇ ಸರಿ. ಆದರೆ ಐದು ಲೇಖನಗಳಿಗೆ ಐದೈದು ಉಲ್ಲೇಖ ಪಡೆದವನು 5 ಆಗುವನು. ಒಂದೇ ಲೇಖನವನ್ನು ಬರೆದು ಮೂರು ಸಾವಿರ ಜನರಿಂದ ಹೆಸರಿಸಿಕೊಂಡವನು 1 ಆಗಿಯೇ ಉಳಿಯುವನು. ಒಂದೇ ಅಂಕಿಯಿಂದ ಮನುಷ್ಯನ ಸ್ಥೂಲವಾದ ಅಂದಾಜಿಗಿಂತ ಹೆಚ್ಚೇನೂ ದೊರೆಯದೆಂದು ಹಿರ್ಷನೇ ಎಚ್ಚರಿಸಿದ್ದನು. ಅಂಕಿಯು ನಮ್ಮ ಕಾಲೇಜುಗಳಿಗೆ ಬಂದು ತಲಪಿತು. ಎಚ್ಚರಿಕೆಯು ದಾರಿಯಲ್ಲಿಯೇ ಉಳಿದುಹೋಯಿತು.

ಗಣಕವಿಜ್ಞಾನದಲ್ಲಿ ಇನ್ನೊಂದು ತೊಡಕುಂಟು. ಉಳಿದ ವಿಜ್ಞಾನಗಳಲ್ಲಿ ಮುಖ್ಯವಾದ ಲೇಖನಗಳು ನಿಯತಕಾಲಿಕಗಳಲ್ಲಿ ಬರುವುವು. ಈ ಶಾಸ್ತ್ರದವರಾದರೋ ತಮ್ಮ ಉತ್ತಮ ಕೃತಿಗಳನ್ನು ವಿದ್ವತ್ಸಮ್ಮೇಲನಗಳಲ್ಲಿ ಪರೀಕ್ಷೆಗೊಡ್ಡಿ ಅಲ್ಲಿಯ ಸಂಪುಟಗಳಲ್ಲಿಯೇ ಅಚ್ಚುಹಾಕಿಸುವರು. ನಿಯತಕಾಲಿಕಗಳನ್ನೇ ಹೆಚ್ಚಾಗಿ ಎಣಿಸುವ ಸೂಚಿಯಲ್ಲಿ ಇಂತಹವನು ಬಡವನಾಗಿ ಕಾಣುವನು. 2004ರಲ್ಲಿ ಹುಟ್ಟಿದ ಗೂಗಲ್ ಸ್ಕಾಲರ್ ಸಮ್ಮೇಲನ, ಪ್ರಬಂಧ, ಪುಸ್ತಕಗಳೆಲ್ಲವನ್ನೂ ಬಾಚಿಕೊಳ್ಳುವುದರಿಂದ ಅಲ್ಲಿ ಅದೇ ಮನುಷ್ಯನು ಸಿರಿವಂತನಾಗುವನು. ಒಬ್ಬನಿಗೆ ಮೂರು ಕಡೆ ಮೂರು ಸಂಖ್ಯೆಗಳು. ಸಮಿತಿಯವರು ಅರ್ಜಿಯಲ್ಲಿ ಯಾವುದನ್ನು ಬರೆಯಹೇಳುವರೋ ಅದೇ ಅವನ ವಿದ್ಯೆ.

ಇದರ ಮೂಲವನ್ನು ವಿಚಾರಿಸುತ್ತ ಹೋದಾಗ ಒಂದು ಸ್ವಾರಸ್ಯವಾದ ಸಂಗತಿಯು ತಿಳಿಯಬಂದಿತು. ವಿಜ್ಞಾನಕ್ಕೆ ಉಲ್ಲೇಖಸೂಚಿ ಬೇಕೆಂದು 1955ರಲ್ಲಿ ಬರೆದು, 1960ರ ದಶಕದಲ್ಲಿ ಅದನ್ನು ಹೊರಡಿಸಿದವರು ಯೂಜೀನ್ ಗಾರ್‌ಫೀಲ್ಡ್ ಎಂಬವರು. ಅವರಿಗೆ ಮಾದರಿಯಾಗಿ ದೊರೆತುದು ವಕೀಲರ ಪುಸ್ತಕ. ಅಮೆರಿಕದಲ್ಲಿ ಶೆಪರ್ಡ್ ಎಂಬಾತನು 1873ರಲ್ಲಿ ಒಂದು ಪದ್ಧತಿಯನ್ನು ತೊಡಗಿದನು: ಯಾವ ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಹೆಸರಿಸಿವೆಯೆಂಬ ಪಟ್ಟಿ. ಆ ಪಟ್ಟಿಯಲ್ಲಿ ಹೆಸರಿಸಿದ ಬಗೆಗೂ ಗುರುತುಗಳಿದ್ದುವು. ಈ ನ್ಯಾಯಾಧೀಶನು ಹಿಂದಿನ ತೀರ್ಪನ್ನು ಅನುಸರಿಸಿದನೋ, ಶಂಕಿಸಿದನೋ, ತಳ್ಳಿಹಾಕಿದನೋ ಎಂಬುದನ್ನು ಒಂದು ಅಕ್ಷರದಿಂದ ಸೂಚಿಸುತ್ತಿದ್ದರು. ತಳ್ಳಿಹಾಕಿದ ತೀರ್ಪನ್ನು ಆಧಾರವಾಗಿ ಹಿಡಿದು ನ್ಯಾಯಾಲಯಕ್ಕೆ ಹೋದ ವಕೀಲನ ಗತಿಯೇನಾಗಬೇಕು? ವಿಜ್ಞಾನದ ಸೂಚಿಯವರು ಪಟ್ಟಿಯನ್ನು ತೆಗೆದುಕೊಂಡರು. ಗುರುತುಗಳು ಅಲ್ಲಿಯೇ ಬಿದ್ದುಹೋದುವು. ಹೊಗಳಿದುದೂ ಒಂದು, ಖಂಡಿಸಿದುದೂ ಒಂದು.

ನಮ್ಮ ವೈಯಾಕರಣರು ಈ ಗುರುತುಗಳ ವಿಷಯದಲ್ಲಿ ಎಷ್ಟು ಜಾಗರೂಕರಾಗಿದ್ದರೆಂಬುದು ನೆನಪಾಗುತ್ತದೆ. ಪಾಣಿನಿಯು ತನ್ನ ಸೂತ್ರಗಳಲ್ಲಿ ಹತ್ತು ಮಂದಿ ಹಿಂದಿನ ಆಚಾರ್ಯರ ಹೆಸರುಗಳನ್ನು ಎತ್ತುತ್ತಾನೆ: ಆಪಿಶಲಿ, ಕಾಶ್ಯಪ, ಗಾರ್ಗ್ಯ, ಗಾಲವ, ಚಾಕ್ರವರ್ಮಣ, ಭಾರದ್ವಾಜ, ಶಾಕಟಾಯನ, ಶಾಕಲ್ಯ, ಸೇನಕ, ಸ್ಫೋಟಾಯನ. ಹೆಸರು ಬಂದಲ್ಲೆಲ್ಲ ವ್ಯಾಖ್ಯಾನಕಾರರು ನಿಂತು ಕೇಳುತ್ತಾರೆ: ಇಲ್ಲಿ ಹೆಸರು ಏಕೆ? ವಿಕಲ್ಪವನ್ನು ತಿಳಿಸುವುದಕ್ಕೋ, ಕೇವಲ ಪೂಜಾರ್ಥವೋ? ಒಂದು ಹೆಸರು ಬಂದುದರಿಂದ ರೂಪಗಳು ಎರಡಾಗುವುವೇ, ಅಥವಾ ಗೌರವವಷ್ಟೇ ಸಲ್ಲುವುದೇ ಎಂಬುದನ್ನು ಅವರು ಸೂತ್ರಸೂತ್ರಕ್ಕೂ ಬೇರೆ ಬೇರೆಯಾಗಿ ನಿರ್ಣಯಿಸುತ್ತಾರೆ. ಶಾಕಲ್ಯನ ಹೆಸರು ಎಷ್ಟು ಸಲ ಬಂದಿದೆಯೆಂದು ಎಣಿಸಿ ಅವನೇ ಶ್ರೇಷ್ಠನೆಂದವರನ್ನು ನಾನು ಕಾಣೆ.

ವೈಯಾಕರಣರ ಮಾತನ್ನು ಹಳೆಯದೆಂದು ತಳ್ಳುವವರು ನಮ್ಮೂರಿನ ಫಾರಮಿಗೆ ಬಂದು ನೋಡಬಹುದು. ಅದು ರಾಷ್ಟ್ರೀಯ ಬೀಜ ನಿಗಮದ ಕ್ಷೇತ್ರ. 2014ರಲ್ಲಿ ವಿಲೀನವಾಗುವವರೆಗೆ ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ನಿಗೆ ಸೇರಿದ್ದಿತು. ಬೀಜದ ಪರೀಕ್ಷೆಯಲ್ಲಿ ನಾನೂರು ಕಾಳುಗಳನ್ನು ಎಣಿಸಿ ತೇವದಲ್ಲಿಟ್ಟು, ಭತ್ತವಾದರೆ ಹದಿನಾಲ್ಕನೆಯ ದಿನದವರೆಗೆ ನೋಡುವರು. ತಲೆಯೆತ್ತಿದುದನ್ನೆಲ್ಲ ಮೊಳಕೆಯೆಂದು ಬರೆದುಕೊಳ್ಳುವುದಿಲ್ಲ. ಸರಿಯಾದ ಸಸಿ ಬೇರೆ, ಬೇರಿಲ್ಲದೆಯೋ ಸುರುಳಿಸುತ್ತಿಯೋ ಹುಟ್ಟಿದ ವಿಕಾರದ ಸಸಿ ಬೇರೆ, ಸತ್ತ ಕಾಳು ಬೇರೆ. ಸರಿಯಾದುವು ನೂರಕ್ಕೆ 80 ಇದ್ದರೆ ಮಾತ್ರ ಭತ್ತದ ಬೀಜಕ್ಕೆ ಪ್ರಮಾಣಪತ್ರ. ಎಣಿಕೆಯನ್ನು ನಾನು ದೂಷಿಸುತ್ತಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಹತ್ತು ಚೀಲ ಭತ್ತಕ್ಕೆ ಇರುವಷ್ಟು ವಿವೇಚನೆಯು ಒಬ್ಬ ಅಧ್ಯಾಪಕನ ಇಪ್ಪತ್ತು ವರ್ಷಗಳ ದುಡಿಮೆಗೆ ಇರಬಾರದೇ?

ಇನ್ನು, ಹೆಸರೆತ್ತದೆಯೇ ಬಳಸಲ್ಪಡುವ ವಿದ್ಯೆಯ ಮಾತು. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡಕ್ಕೆ ಒಂದು ಕೀಲಿಮಣೆಯ ವಿನ್ಯಾಸವನ್ನು ಮಾಡಿಕೊಟ್ಟರು. ಇಂಗ್ಲಿಷಿನ ಮಣೆಯ ಮೇಲೆಯೇ ನಮ್ಮ ವರ್ಣಮಾಲೆಯನ್ನು ಕೂರಿಸಿದ ಕೌಶಲವದು: ‘ಕ’ ಬರುವ ಕೀಲಿಯನ್ನೇ ಶಿಫ್ಟ್ ಕೀಲಿಯೊಡನೆ ಒತ್ತಿದರೆ ‘ಖ’ ಬರುವುದು, ವ್ಯಂಜನಕ್ಕೆ ಸ್ವರವನ್ನು ಕೂಡಿಸಿದರೆ ಗುಣಿತಾಕ್ಷರ. ಪಾಠಶಾಲೆಯ ಹುಡುಗನಿಗೂ ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುವುದು. ಅದರ ಮೇಲೆಯೇ ಕರ್ನಾಟಕ ಸರ್ಕಾರದ ಪ್ರಮಾಣಕವು ನಿಂತಿದೆ. ತಾಲ್ಲೂಕು ಕಚೇರಿಯ ಗುಮಾಸ್ತನೂ ಮುದ್ರಣಾಲಯದವನೂ ದಿನವೆಲ್ಲ ಅದನ್ನು ಒತ್ತುತ್ತಿರುವರು. ಒತ್ತಿದಷ್ಟು ಸಲವೂ ಉಲ್ಲೇಖವೆಂದು ಎಣಿಸಿದರೆ ಕನ್ನಡ ನಾಡಿನಲ್ಲಿ ಅವರಿಗೆ ಸಮಾನರಾದ ಪಂಡಿತರಿಲ್ಲ. ಉಲ್ಲೇಖಸೂಚಿಗೆ ಆ ಒತ್ತುಗಳು ಕೇಳಿಸವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 2013ರಲ್ಲಿ ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿದುದು ಸಂತೋಷದ ಸಂಗತಿ. 1965ರಲ್ಲಿ ಕಾನ್ಪುರದಲ್ಲಿ ಗಣಕವಿಜ್ಞಾನದ ಪಾಠಕ್ರಮವನ್ನು ಆರಂಭಿಸಿ, 1982ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಪ್ರೊಫೆಸರ್ ವಿ. ರಾಜಾರಾಮನ್ ಅವರ ಪಠ್ಯಪುಸ್ತಕಗಳೂ ಇದೇ ಜಾತಿಗೆ ಸೇರಿದುವು. ಅವುಗಳನ್ನು ಓದಿ ಉದ್ಯೋಗಕ್ಕೆ ಹೋದವರು ಲೇಖನ ಬರೆಯುವವರಲ್ಲ.

ಸಂಖ್ಯೆಯು ತಡವಾಗಿ ಬರುವುದೆಂಬುದೂ ಒಂದು ದೋಷ. 2002ರ ಆಗಸ್ಟ್ ತಿಂಗಳಿನಲ್ಲಿ ಕಾನ್ಪುರದ ಮಣೀಂದ್ರ ಅಗ್ರವಾಲರು ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಇಬ್ಬರು ಶಿಷ್ಯರೊಡನೆ, ಒಂದು ಸಂಖ್ಯೆಯು ಅವಿಭಾಜ್ಯವೇ ಅಲ್ಲವೇ ಎಂಬುದನ್ನು ನಿಶ್ಚಯವಾಗಿಯೂ ಶೀಘ್ರವಾಗಿಯೂ ಕಂಡುಹಿಡಿಯುವ ಕ್ರಮವನ್ನು ಪ್ರಕಟಿಸಿದರು. ಶಿಷ್ಯರಿಬ್ಬರೂ ಅದೇ ವರ್ಷ ಬಿ.ಟೆಕ್. ಮುಗಿಸಿದ್ದವರು. 2006ರಲ್ಲಿ ಅದಕ್ಕೆ ಗೋಡೆಲ್ ಪಾರಿತೋಷಕವು ಬಂದಿತು. ಕಯಾಲರು ಆಮೇಲೆ ಬೆಂಗಳೂರಿನಲ್ಲಿ ನೆಲಸಿದರು. ಆ ಆಗಸ್ಟಿನಲ್ಲಿ ಸೂಚ್ಯಂಕವನ್ನು ಕೇಳುವ ಸಮಿತಿಯ ಮುಂದೆ ಈ ಹುಡುಗರನ್ನು ನಿಲ್ಲಿಸಿದ್ದರೆ ಯಾವ ಉತ್ತರವು ಸಿಕ್ಕುತ್ತಿದ್ದಿತೋ ಊಹಿಸಿರಿ. ಪ್ರಪಂಚದ ಗಣಿತಜ್ಞರು ಕೆಲವೇ ದಿನಗಳಲ್ಲಿ ಅವರನ್ನು ಗುರುತಿಸಿದರು, ಏಕೆಂದರೆ ಅವರು ಲೇಖನವನ್ನು ಓದಿದರು.

ಓದದೆ ಎಣಿಸುವವರಿದ್ದಲ್ಲಿ ಎಣಿಸಿಕೊಳ್ಳುವುದಕ್ಕಾಗಿಯೇ ಬರೆಯುವವರೂ ಹುಟ್ಟುವರು. 2010ರ ನಿಯಮಾವಳಿಯಿಂದ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರ ಲೇಖನಗಳಿಗೆ ಅಂಕಗಳನ್ನು ಗೊತ್ತುಮಾಡಿದ ಮೇಲೆ, ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದುವು. ಅವುಗಳನ್ನು ಸೋಸಲು 2019ರಲ್ಲಿ ಕೇರ್ ಎಂಬ ಪಟ್ಟಿಯನ್ನು ಮಾಡಿದರು. 2025ರಲ್ಲಿ ಅದನ್ನೂ ಕೈಬಿಟ್ಟರು. ನೀನು ನನ್ನನ್ನು ಹೆಸರಿಸು, ನಾನು ನಿನ್ನನ್ನು ಹೆಸರಿಸುವೆನೆಂಬ ಮುಯ್ಯಿಯ ವ್ಯವಹಾರವೂ ಉಂಟೆಂದು ಕೇಳಿದ್ದೇನೆ. ಮದುವೆಮನೆಯ ಮುಯ್ಯಿಗಾದರೂ ಊಟವಿರುವುದು.

ಈ ಬಾರಿ ನನ್ನ ಶಿಷ್ಯನು ಮತ್ತೆ ಅರ್ಜಿ ಹಾಕುವನೆಂದು ತಿಳಿದಾಗ, ಅವನನ್ನು ಹೆಸರಿಸಿದ ಲೇಖನಗಳನ್ನೆಲ್ಲ ತರಿಸಿ ಇಬ್ಬರೂ ಕುಳಿತು ಓದಿದೆವು. ಒಟ್ಟು ಮೂವತ್ತೊಂದು. ಇಂಗ್ಲಿಷಿನಲ್ಲಿದ್ದುದನ್ನು ಅವನು ಅರ್ಥ ಹೇಳಿದನು. ಪೂರ್ವಪಕ್ಷವೋ ಪೂಜಾರ್ಥವೋ ಎಂಬುದನ್ನು ನಾನು ವಿಂಗಡಿಸಿದೆನು. ಒಂಬತ್ತು ಅವನದೇ ಅಥವಾ ಅವನ ಜೊತೆಗಾರರದು. ಹದಿನೈದು ಮೊದಲನೆಯ ಪುಟದ ಹೆಸರುಗಳ ಸಾಲಿನಲ್ಲಿ ಸುಮ್ಮನೆ ಸೇರಿಸಿದುವು. ಮೂರರಲ್ಲಿ ಅವನ ಕ್ರಮವನ್ನು ತಮ್ಮದರೊಡನೆ ತೂಗಿ ನೋಡಿದ್ದರು. ಮೂರರಲ್ಲಿ ಅವನ ಪದಪಟ್ಟಿಯ ಮೇಲೆಯೇ ಹೊಸ ಕೆಲಸವನ್ನು ಕಟ್ಟಿದ್ದರು. ಉಳಿದ ಒಂದು ಖಂಡನೆ. ‘ಬೇರೂರು’ ಎಂಬುದನ್ನು ಇವನ ಯಂತ್ರವು ಯಾವಾಗಲೂ ‘ಬೇರು’, ‘ಊರು’ ಎಂದೇ ಬಿಡಿಸುವುದೆಂದೂ, ‘ಬೇರೆ’, ‘ಊರು’ ಎಂಬ ಲೋಪಸಂಧಿಯನ್ನು ಅರಿಯದೆಂದೂ ಆಕ್ಷೇಪಿಸಿ ಒಬ್ಬರು ಎರಡು ಪುಟ ಬರೆದಿದ್ದರು. ಮೂವತ್ತೊಂದರಲ್ಲಿ ಅವನ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಓದಿದವರು ಮತ್ತೊಬ್ಬರಿಲ್ಲ. ಆ ಎರಡು ಪುಟಗಳಿಂದ ಅವನ ಮುಂದಿನ ವರ್ಷದ ಸಂಶೋಧನೆಗೆ ದಾರಿಯು ತೆರೆದಿದೆ: ಹಿಂದುಮುಂದಿನ ವಾಕ್ಯವನ್ನು ನೋಡದೆ ಈ ಪದವನ್ನು ಬಿಡಿಸುವುದು ಯಂತ್ರಕ್ಕಿರಲಿ, ಮನುಷ್ಯನಿಗೂ ಆಗದು.

ಈ ವಿಂಗಡಣೆಯನ್ನು ಒಂದು ಹಾಳೆಯಲ್ಲಿ ಬರೆದು, ಖಂಡನೆಯ ಆ ಎರಡು ಪುಟಗಳೊಡನೆ ಅರ್ಜಿಗೆ ಲಗತ್ತಿಸಬಹುದೇ ಎಂದು ಅವನು ಕಚೇರಿಯಲ್ಲಿ ಕೇಳಿದನು. ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲವೆಂದು ಉತ್ತರವು ಬಂದಿತು. ಸೂಚ್ಯಂಕದ ಅಂಕಣದಲ್ಲಿ 3 ಎಂದು ಬರೆದು, ಹಾಳೆಗಳನ್ನು ಹಿಂದಿನಿಂದ ಗುಂಡುಸೂಜಿಯಲ್ಲಿ ಚುಚ್ಚಿ ಕಳುಹಿಸಿದ್ದಾನೆ. ‘ಬೇರೂರು’ ಬರುವ ವಾಕ್ಯಗಳನ್ನು ನಾನು ಹಳೆಯ ಪುಸ್ತಕಗಳಿಂದ ಆಯ್ದು ಬರೆಯುತ್ತಿದ್ದೇನೆ, ನೂರ ನಲವತ್ತಾಗಿವೆ.