ತುಂಬುಗಾಯಿ

ತುಂಬುಗಾಯಿಗೆ ಬದನೆ ಸೀಳುವಾಗ ಈಳಿಗೆಯ ಮೇಲಿನ ಕೈ ತೊಟ್ಟಿನ ಹತ್ತಿರ ಬಂದು ನಿಲ್ಲಬೇಕು. ನಾಲ್ಕು ಸೀಳೂ ಬೇರೆ ಬೇರೆಯಾಗಿ ಕಾಣಬೇಕು, ಆದರೆ ತೊಟ್ಟು ಹಿಡಿದು ಎತ್ತಿದರೆ ಒಂದೇ ಕಾಯಿಯಾಗಿ ಬರಬೇಕು. ಹತ್ತನೆಯ ವಯಸ್ಸಿನಲ್ಲಿ ಅವ್ವನ ಪಕ್ಕದಲ್ಲಿ ಕುಳಿತು ನಾನು ಕಲಿತ ಮೊದಲ ಅಡುಗೆ ಇದು. ಮೊದಲ ದಿನ ಆರು ಕಾಯಿ ಹರಿದು ಹೋಳಾಗಿದ್ದವು. ಅವ್ವ ಬೈಯಲಿಲ್ಲ. "ಸೀಳು ಅಂದೆ, ಹರಿ ಅನ್ನಲಿಲ್ಲ" ಎಂದು ಆ ಹೋಳುಗಳನ್ನೆಲ್ಲ ಹುಳಿಗೆ ಹಾಕಿದ್ದಳು.

ನನ್ನ ತವರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಪೂರ್ತಿ ಮಲೆನಾಡೂ ಅಲ್ಲದ, ಪೂರ್ತಿ ಬಯಲುಸೀಮೆಯೂ ಅಲ್ಲದ ಸೀಮೆ ಅದು. ನಮ್ಮ ಅಡುಗೆಯೂ ಹಾಗೆಯೇ. ಧಾರವಾಡ, ಹಾವೇರಿ ಕಡೆಯವರು ಎಣ್ಣೆಗಾಯಿಗೆ ಹಾಕುವ ಹುಚ್ಚೆಳ್ಳನ್ನು ನಾವೂ ಹಾಕುತ್ತೇವೆ, ಆದರೆ ಹುಳಿಗೆ ಹುಣಸೆಯ ಬದಲು ಕಾಡಿನ ವಾಟೆಹುಳಿ. ಅವರಿಗೆ ಜೋಳದ ರೊಟ್ಟಿ, ನಮಗೆ ಅಕ್ಕಿ ರೊಟ್ಟಿ. ಉಡುಪಿಯವರು ತಮ್ಮ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದು ಹೆಮ್ಮೆಪಡುತ್ತಾರೆ. ನಮ್ಮ ಸಂತೆಯ ಮುಳ್ಳುಬದನೆಗೆ ಅಂಥ ಪಟ್ಟವೇನೂ ಇಲ್ಲ. ತೊಟ್ಟು ಹಸಿರಾಗಿದ್ದು, ಬೆರಳಲ್ಲಿ ಒತ್ತಿದರೆ ಪುಟಿಯಬೇಕು, ಅಷ್ಟೆ.

ಈಚೆಗೆ ಪುಸ್ತಕಗಳಲ್ಲಿ ಬೇಕ್ ಮಾಡಿದ ತುಂಬು ತರಕಾರಿಗಳ ವರ್ಣನೆ ಓದಿದಾಗ ನನಗೆ ನಗು ಬರುತ್ತದೆ. ನಮ್ಮ ಅಜ್ಜಿಯರು ಅದನ್ನು ಓವನ್ ಇಲ್ಲದೆಯೇ ಮಾಡುತ್ತಿದ್ದರು. ಕಬ್ಬಿಣದ ಬಾಣಲೆಯ ತಳಕ್ಕೆ ಬಾಳೆಲೆ ಹಾಸಿ, ಕಾಯಿಗಳನ್ನು ತೊಟ್ಟು ಮೇಲೆ ಬರುವಂತೆ ಒತ್ತೊತ್ತಾಗಿ ನಿಲ್ಲಿಸಿ, ಹಿತ್ತಾಳೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕರಟದ ಕೆಂಡ ಹರಡುತ್ತಿದ್ದರು. ಕೆಳಗೆ ಕಡಿಮೆ ಕೆಂಡ, ಮೇಲೆ ಹೆಚ್ಚು. ಕೆಳಗಿನ ಕಾವು ಜಾಸ್ತಿಯಾದರೆ ತಳ ಸೀದು ಹೋಗುತ್ತದೆ. ಮೇಲಿನ ಕಾವು ಕಡಿಮೆಯಾದರೆ ಹೂರಣ ನೀರು ಬಿಟ್ಟು ಪಲ್ಯವಾಗುತ್ತದೆ.

2024ರ ಭೂಮಿ ಹುಣ್ಣಿಮೆಗೆ ನಾನು ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ತವರಿಗೆ ಹೋದೆ. ಆಶ್ವಯುಜ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಪೈರು ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ ಎಂದು ಭಾವಿಸಿ ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ ನಮ್ಮದು. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಕಡುಬು, ಹಚ್ಚಂಬಲಿ, ಬಗೆಬಗೆಯ ಪಲ್ಯ ತುಂಬಿಕೊಂಡು ಬೆಳಗಿನ ಜಾವವೇ ಗದ್ದೆಗೆ ಹೋದೆವು. ಚರಗ ಚೆಲ್ಲಿ, ಕಾಗೆಗೂ ಇಲಿಗೂ ಎಡೆ ಇಟ್ಟು, ಬದುವಿನ ಮೇಲೆ ಕುಳಿತು ಉಂಡೆವು. ಅವ್ವ ಮಾತ್ರ ಮನೆಯಲ್ಲಿದ್ದಳು. ಎಂಬತ್ತು ದಾಟಿದ ಅವಳಿಗೆ ಈಗ ಬದುವಿನ ಮೇಲೆ ನಡೆಯಲಾಗುವುದಿಲ್ಲ.

ರಾತ್ರಿಯ ಊಟಕ್ಕೆ ಅಣ್ಣ, ತಮ್ಮ ಇಬ್ಬರ ಸಂಸಾರವೂ ಸೇರಿ ಹನ್ನೆರಡು ಜನ. "ತುಂಬುಗಾಯಿ ನೀನೇ ಮಾಡು" ಎಂದರು ಅತ್ತಿಗೆ. ಮೂವತ್ತು ಬದನೆ ಸೀಳಿ ಉಪ್ಪುನೀರಿಗೆ ಹಾಕಿದೆ. ಎರಡು ಹಿಡಿ ಕೊತ್ತಂಬರಿ ಬೀಜ, ಒಂದು ಹಿಡಿ ಕಡಲೆಬೇಳೆ, ಅರ್ಧ ಹಿಡಿ ಉದ್ದಿನಬೇಳೆ, ಹದಿನೆಂಟು ಬ್ಯಾಡಗಿ ಮೆಣಸಿನಕಾಯಿ, ಚೂರು ಚಕ್ಕೆ, ನಾಲ್ಕು ಲವಂಗ ಹುರಿದೆ. ಹುಚ್ಚೆಳ್ಳನ್ನು ಬೇರೆಯಾಗಿಯೇ ಹುರಿಯಬೇಕು. ಅದು ಚಟಪಟ ಎಂದ ಕೂಡಲೇ ಇಳಿಸದಿದ್ದರೆ ಕಹಿ. ಒಂದು ಗಿಟುಕು ಕೊಬ್ಬರಿ, ನೆನೆಸಿದ ವಾಟೆಹುಳಿ, ಲಿಂಬೆ ಗಾತ್ರದ ಬೆಲ್ಲ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ. ನೀರು ಸೋಕಿಸದ ಹಾಗೆ ಗಟ್ಟಿಯಾಗಿ ಅರೆಯಬೇಕು.

ಅಣ್ಣನ ಮಗಳು ಬೆಂಗಳೂರಿನಿಂದ ಓವನ್ ತಂದಿಟ್ಟಿದ್ದಳು. "ಅತ್ತೆ, ಅರ್ಧ ನನಗೆ ಕೊಡಿ, ನಾನು ಇದರಲ್ಲಿ ಇಡ್ತೀನಿ" ಎಂದಳು. ಕೊಟ್ಟೆ. ಅವಳು ಎಣ್ಣೆ ಸವರಿ, ಬೆಳ್ಳಿಕಾಗದ ಮುಚ್ಚಿ, 180 ಡಿಗ್ರಿಯಲ್ಲಿ 25 ನಿಮಿಷ, ಕಾಗದ ತೆಗೆದು ಇನ್ನೊಂದು 15 ನಿಮಿಷ ಎಂದು ಲೆಕ್ಕ ಹೇಳಿದಳು. ಜೊತೆಗೆ ನಾಲ್ಕು ದಪ್ಪ ಮೆಣಸಿನಕಾಯಿಗೆ ಆಲೂಗಡ್ಡೆ ತುಂಬಿ ಇಟ್ಟಳು. ನಾನು ಹಿತ್ತಲಿನ ಒಲೆಯ ಮುಂದೆ ಕೆಂಡ ಹರಡುತ್ತ ಕುಳಿತೆ.

ಆಗಲೇ ಅಣ್ಣ ಬಂದು ಬಾಗಿಲಲ್ಲಿ ನಿಂತರು. "ನಾಳೆ ಸೊರಬದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬರೋಣ. ನಾನೂ ತಮ್ಮನೂ ಭಾಗ ಮಾಡ್ಕೊಳ್ತಿದೀವಿ. ನಿಂದೊಂದು ಹಕ್ಕು ಬಿಡುಗಡೆ ಪತ್ರ ಬೇಕಂತೆ. ಐದು ನಿಮಿಷದ ಕೆಲಸ. ಟೀಚರಮ್ಮನ ಹತ್ರ ಪೆನ್ನಂತೂ ಇದ್ದೇ ಇರುತ್ತೆ" ಎಂದು ನಕ್ಕರು. ಕರಡನ್ನು ಬರೆಸಿಯೂ ತಂದಿದ್ದರು. ನಾನು ಕೆಂಡ ಸರಿಮಾಡುತ್ತ "ಊಟ ಆಗಲಿ ಅಣ್ಣ" ಎಂದೆ.

ಓದುವ ನಿಮಗೆ ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಅನೇಕರ ಮನೆಯ ಕಥೆಯೂ ಇದೇ ಇರಬಹುದು. ಕರ್ನಾಟಕ ಸರ್ಕಾರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಪಾಲು ಕೊಡುವ ತಿದ್ದುಪಡಿಯನ್ನು 1994ರ ಜುಲೈ 30ರಂದು ಜಾರಿಗೆ ತಂದಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ನನ್ನ ಮದುವೆ ಆದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಎರಡು ತಿಂಗಳ ಅಂತರದಲ್ಲಿ ನಾನು ಹೊರಗೆ ಉಳಿದೆ. ಆಗ ನನಗೆ ಅದರ ಅರಿವೂ ಇರಲಿಲ್ಲ, ಹೊಸ ಮದುವಣಗಿತ್ತಿ. ಅಪ್ಪಯ್ಯ 2001ರಲ್ಲಿ ತೀರಿಕೊಂಡರು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯ ಭೇದ ಇರಲಿಲ್ಲ. ಆದರೆ ಆ ದಿನ ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮತ್ತೆ ಹೊರಗೆ. ಕೊನೆಗೆ 2020ರ ಆಗಸ್ಟ್ 11ರಂದು ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಈ ಹಕ್ಕು ಮಗಳಿಗೆ ಹುಟ್ಟಿನಿಂದ ಬಂದದ್ದು, ತಂದೆ ಅಂದು ಬದುಕಿರಲೇಬೇಕೆಂದಿಲ್ಲ ಎಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಭಾಗವಾಗಿದ್ದರೆ ಅದನ್ನು ಕೆದಕುವಂತಿಲ್ಲ. ನಮ್ಮಲ್ಲಿ ಭಾಗವೇ ಆಗಿರಲಿಲ್ಲ.

ಇದನ್ನೆಲ್ಲ ನಾನು ತರಗತಿಯಲ್ಲಿ ಹೇಳುತ್ತೇನೆ. ಸಮಾಜ ವಿಜ್ಞಾನದ ಟೀಚರ್ ಅಲ್ಲವೇ? ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನಿಮಗೆ ಪಾಲು ಬಂತಾ?" ಎಂದು ಕೇಳಿಬಿಟ್ಟಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕು, ಮುಂದಿನ ಪುಟ ತೆಗೆಯಿರಿ ಎಂದೆ. ಆ ಪುಟದಲ್ಲಿ ಏನಿತ್ತೆಂಬುದು ಈಗ ನೆನಪಿಲ್ಲ, ಆ ಪ್ರಶ್ನೆ ನೆನಪಿದೆ.

ಅಣ್ಣನ ಮಾತಿನಲ್ಲೂ ನ್ಯಾಯವಿಲ್ಲ ಎಂದು ಹೇಳಲಾರೆ. ನನ್ನ ಮದುವೆಗೆ ಸಾಲ ಮಾಡಿ ತೀರಿಸಿದವರು ಅವರು. ಗದ್ದೆಯ ಅಂಚಿನ ಮೂವತ್ತು ಗುಂಟೆಗೆ ಅಡಿಕೆ ಹಾಕಿ, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದವರು ಅವರು. ಅವ್ವನ ಮಾತ್ರೆ ಔಷಧಿ ನೋಡಿಕೊಳ್ಳುವವರು ಅತ್ತಿಗೆ. ನಾನು ಹಬ್ಬಕ್ಕೆ ಬಂದು, ಸೀರೆ ಉಡಿಸಿಕೊಂಡು, ಮಡಿಲು ತುಂಬಿಸಿಕೊಂಡು ಹೋಗುವವಳು. ತವರಿನ ಅರಿಶಿನ ಕುಂಕುಮ ಉಳಿಯಬೇಕಾದರೆ ಪಾಲಿನ ಮಾತು ಆಡಬಾರದೆಂದು ನಮಗೆಲ್ಲ ಯಾರೂ ಹೇಳದೆಯೇ ಗೊತ್ತಿರುತ್ತದೆ.

ಊಟಕ್ಕೆ ಬಾಳೆಲೆ ಹಾಕಿದೆವು. ಪ್ರತಿ ಎಲೆಗೂ ಕೆಂಡದ್ದೊಂದು, ಓವನ್ನಿನದೊಂದು. ಕೆಂಡದ ಕಾಯಿಯ ಸಿಪ್ಪೆ ಅಲ್ಲಲ್ಲಿ ಸುಟ್ಟು, ಹೊಗೆಯ ವಾಸನೆ ಹಿಡಿದಿತ್ತು. ಓವನ್ನಿನ ಕಾಯಿ ಒಂದೇ ಸಮನೆ ಬೆಂದು, ತೊಟ್ಟಿನವರೆಗೂ ಬೆಣ್ಣೆಯಂತಾಗಿತ್ತು. ಗಂಡಸರೆಲ್ಲ ಕೆಂಡದ್ದೇ ರುಚಿ ಎಂದರು. ಒಲೆ ಮುಂದೆ ಕೂರುವವರು ಅವರಲ್ಲವಲ್ಲ! ಅವ್ವ ಎರಡನ್ನೂ ತಿಂದು, ಹಲ್ಲಿಲ್ಲದ ಬಾಯಲ್ಲಿ ಸಾವಕಾಶವಾಗಿ ಹೇಳಿದಳು: "ಈ ಡಬ್ಬಿದೇ ಚಲೋ ಅದೆ. ಹೊಗೆ ಇಲ್ಲ, ಕಣ್ಣುರಿ ಇಲ್ಲ. ನನ್ನ ಕಾಲಕ್ಕೆ ಬರಬೇಕಾಗಿತ್ತು."

ಕೈ ತೊಳೆದ ಮೇಲೆ ಅಣ್ಣ ಕಾಗದ ತಂದು ಮುಂದಿಟ್ಟರು. ನಾನು ಓದಿದೆ. ಓದುವುದು ನನ್ನ ಕಸುಬು. ಅಪ್ಪಯ್ಯನ ಮಕ್ಕಳೆಂದು ನಮ್ಮ ಮೂವರ ಹೆಸರಿತ್ತು. ನಾನು ಸ್ವಸಂತೋಷದಿಂದ ಬಿಟ್ಟುಕೊಡುತ್ತಿದ್ದೇನೆ ಎಂದಿತ್ತು. ಅವ್ವನ ಹೆಸರು ಎಲ್ಲಿಯೂ ಇರಲಿಲ್ಲ.

"ಅವ್ವನ ಪಾಲು ಎಲ್ಲಿ ಅಣ್ಣ?" ಎಂದೆ.

"ಅವಳನ್ನು ನೋಡ್ಕೊಳ್ಳೋರು ನಾವಲ್ವಾ?"

"ನೋಡ್ಕೊಳ್ತೀರಿ, ಇಲ್ಲ ಅಂದವರು ಯಾರು? ಆದರೆ ಕಾನೂನಿನ ಪ್ರಕಾರ ಅವಳಿಗೂ ಇದೆ, ನನಗೂ ಇದೆ. ಅವಳ ಹೆಸರು ಸೇರಲಿ. ನಾನು ಸಹಿ ಹಾಕೋದಿಲ್ಲ."

ಅಣ್ಣನ ಮುಖ ಕಪ್ಪಿಟ್ಟಿತು. "ಕಾನೂನು ಹಿಡ್ಕೊಂಡು ತವರಿಗೆ ಬಂದ್ಯಾ? ಉಂಡ ಮನೆಗೆ ಎರಡು ಬಗೆಯೋದಾ?"

ಆ ಮಾತು ನಾನು ಮೊದಲೂ ಕೇಳಿದ್ದೆ, ಅಪ್ಪಯ್ಯನ ಬಾಯಲ್ಲಿ. ನಮ್ಮ ಗದ್ದೆ ಅಜ್ಜನ ಕಾಲದಿಂದ ಗೇಣಿಯದು. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾದ ಮೇಲೆ ಅಪ್ಪಯ್ಯನೂ ಡಿಕ್ಲರೇಷನ್ ಕೊಟ್ಟರು. ಒಡೆಯರ ಮನೆಯ ಅಜ್ಜಿ ಅವರಿಗೆ ಎಷ್ಟೋ ಸಲ ಕರೆದು ಉಣ್ಣಲಿಕ್ಕಿದ್ದರಂತೆ. ಅರ್ಜಿಗೆ ಸಹಿ ಹಾಕುವಾಗ ಕೈ ನಡುಗಿತ್ತು ಎಂದು ಅಪ್ಪಯ್ಯ ಹೇಳುತ್ತಿದ್ದರು. "ಉಂಡ ಮನೆಗೆ ಎರಡು ಬಗೆದ ಅಂತ ಊರೆಲ್ಲ ಆಡ್ಕೊಂಡಿತು. ಆದರೂ ಹಾಕಿದೆ" ಎನ್ನುತ್ತಿದ್ದರು.

"ಈ ಗದ್ದೆ ಅಪ್ಪಯ್ಯಂಗೆ ಬಂದಿದ್ದೂ ಕಾನೂನಿಂದಲೇ ಅಲ್ವಾ ಅಣ್ಣ?" ಎಂದೆ. ನನ್ನ ದನಿ ನಡುಗುತ್ತಿತ್ತು. "ಅಡಿಕೆ ನೀವು ಬೆಳೆಸಿದ್ದು, ಅದರ ದುಡ್ಡು ನಾನು ಕೇಳೋದಿಲ್ಲ. ಉಳುಮೆ ನೀವೇ ಮಾಡಿ. ಅವ್ವ ಇರೋವರೆಗೆ ಭಾಗದ ಮಾತು ಬೇಡ. ಆದರೆ ಪಹಣಿಯಲ್ಲಿ ಅವಳ ಹೆಸರು, ನನ್ನ ಹೆಸರು ಇರಲಿ. ಬೆಳಿಗ್ಗೆ ಆ ಭೂಮಿಗೇ ಬಯಕೆಯ ಊಟ ಬಡಿಸಿ ಬಂದಿದೀನಿ. ರಾತ್ರಿ ಅದು ನಂದಲ್ಲ ಅಂತ ಬರೆದುಕೊಡೋಕೆ ನನ್ನ ಕೈಲಾಗೋದಿಲ್ಲ."

ಯಾರೂ ಮಾತನಾಡಲಿಲ್ಲ. ತಮ್ಮ ಎದ್ದು ಹೊರಗೆ ಹೋದ. ಅತ್ತಿಗೆ ಎಲೆ ಎತ್ತತೊಡಗಿದರು. ಅಣ್ಣನ ಮಗಳು ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವ್ವನಿಗೆ ಎಷ್ಟು ಕೇಳಿಸಿತೋ, "ಬಾಣಲೇಲಿ ಇನ್ನೂ ಎರಡು ಕಾಯಿ ಉಳಿದಾವೆ, ಬೆಳಿಗ್ಗೆ ರೊಟ್ಟಿಗೆ ಆಗ್ತವೆ" ಎಂದಳು.

ಮರುದಿನ ಬಸ್ಸಿಗೆ ಬಿಡಲು ಅಣ್ಣ ಬರಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು. ಶಿರಾಳಕೊಪ್ಪದವರೆಗೂ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಮಾಡಿದ್ದು ಸರಿ ಎಂಬ ಧೈರ್ಯ ಇದ್ದರೂ ಅಳು ಬರುತ್ತದೆ, ಇದನ್ನು ಯಾವ ಕಾನೂನಿನ ಪುಸ್ತಕದಲ್ಲೂ ಬರೆದಿರುವುದಿಲ್ಲ. ಆಮೇಲೆ ಎಷ್ಟೋ ತಿಂಗಳು ಅವರಿಂದ ಫೋನು ಇರಲಿಲ್ಲ. ಅವರ ಮಗಳು ಮಾತ್ರ ಒಂದು ದಿನ ಕರೆ ಮಾಡಿ ತುಂಬುಗಾಯಿಯ ಮಸಾಲೆಯ ಅಳತೆ ಬರೆದುಕೊಂಡಳು. ಫೋನು ಇಡುವ ಮುನ್ನ ಮೆಲ್ಲಗೆ, "ಅತ್ತೆ, ಹಂಗಾದ್ರೆ ನನ್ನ ಹೆಸರೂ ಬರುತ್ತಾ?" ಎಂದಳು. "ಬರುತ್ತೆ" ಎಂದೆ.

ಪಹಣಿ ಇನ್ನೂ ಹಾಗೆಯೇ ಇದೆ. ಸಹಿಯಿಲ್ಲದ ಕಾಗದ ಅಣ್ಣನ ಪೆಟ್ಟಿಗೆಯಲ್ಲಿ ಇರಬೇಕು. 2025ರ ಹುಣ್ಣಿಮೆಗೆ ಒಂದು ವಾರ ಇದೆ ಎನ್ನುವಾಗ ಅತ್ತಿಗೆ ಫೋನು ಮಾಡಿದರು. "ಹಬ್ಬಕ್ಕೆ ಬರ್ತೀಯಲ್ಲ? ಸಂತೆಯಿಂದ ಬದನೆಕಾಯಿ ಎಷ್ಟು ತರಿಸಲಿ?"

ಯಾರು ಕೇಳಲು ಹೇಳಿದರು ಎಂದು ನಾನು ವಿಚಾರಿಸಲಿಲ್ಲ. ಮೂವತ್ತು ಎಂದೆ.